ಸೀಲು ಒಡೆಯಬೇಡಿ ಎಂದವರಿಗೆ

ಮಾನ್ಯ ಅಧಿಕಾರಿಗಳೇ,

ಕಳೆದ ವರ್ಷ ನೀವು ಬಂದ್ಯೋಡಿಗೆ ಬಂದು ಹೇಳಿಹೋದ ಮಾತು ಸುಳ್ಳಾಗಿತ್ತು. ಅದನ್ನು ನಿಜವೆಂದು ಊರಿಗೆಲ್ಲ ಹೇಳಿದವಳು ನಾನು. ಅದರ ಫಲ ಉಂಡದ್ದು ನೀವಲ್ಲ, ನಾನೂ ಅಲ್ಲ, ಆಗಷ್ಟೇ ನಡೆಯಲು ಕಲಿತಿದ್ದ ಒಂದು ಹೆಣ್ಣುಮಗು. ಇದನ್ನು ನಿಮ್ಮ ಕಚೇರಿಗೆ ಬಂದು ಹೇಳಿದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಗುರುತು ನಿಮಗೆ ಮರೆತಿರಬಹುದು. ಗಡಿನಾಡಿನ ಈ ಬಂದ್ಯೋಡು ಪೇಟೆಯಲ್ಲಿ, ಹೆದ್ದಾರಿಯ ಬದಿಗೆ ನನ್ನದೊಂದು ಫ್ಯಾನ್ಸಿ ಅಂಗಡಿ ಇದೆ. ಬಳೆ, ರಿಬ್ಬನ್, ಪೌಡರು, ಮಕ್ಕಳ ಆಟದ ಸಾಮಾನು ಮಾರುತ್ತೇನೆ. ಮಕ್ಕಳ ಆಟಿಕೆಗಳ ಸುರಕ್ಷತೆಯ ಬಗ್ಗೆ ನೀವು ಜಾಗೃತಿ ಶಿಬಿರ ನಡೆಸಿದ ದಿನ ಸಭಾಭವನ ತುಂಬ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ನೀವು ಮಲಯಾಳದಲ್ಲಿ ಸೊಗಸಾಗಿಯೇ ಮಾತಾಡಿದಿರಿ. ಕೂತವರಲ್ಲಿ ಅರ್ಧ ಜನಕ್ಕೆ ಪೇಟೆಯ ಮಲಯಾಳ ಬರುತ್ತದೆ, ಸರಕಾರದ ಮಲಯಾಳ ಬರುವುದಿಲ್ಲ. ಅವರ ಮುಖ ನೋಡಿ ನಿಮಗೇ ಗೊತ್ತಾಯಿತು. ಯಾರಾದರೂ ಇವರ ಭಾಷೆಯಲ್ಲಿ ಹೇಳಿ ಎಂದಿರಿ. ನಾನು ಎದ್ದು ನಿಂತೆ. ಪೆಟ್ಟಿಗೆಯ ಮೇಲೆ 'ಸುರಕ್ಷತಾ ಪರೀಕ್ಷೆ ಆಗಿದೆ' ಎಂದು ಅಚ್ಚಾಗಿದ್ದರೆ ಕಣ್ಣುಮುಚ್ಚಿ ನಂಬಬಹುದು, ಪರೀಕ್ಷೆ ಆಗದೆ ಹಾಗೆ ಅಚ್ಚು ಹಾಕಲು ಯಾರಿಗೂ ಬಿಡುವುದಿಲ್ಲ ಎಂದಿರಿ. ನಾನು ಅದನ್ನು ಕನ್ನಡದಲ್ಲೂ ಹೇಳಿದೆ, ತುಳುವಿನಲ್ಲೂ ಹೇಳಿದೆ. ನಿಮ್ಮ ಮಾತು ಅವರ ಮನೆಗಳಿಗೆ ಹೋದದ್ದು ನನ್ನ ಬಾಯಿಂದ.

ಇಲ್ಲಿ ನಮ್ಮ ಅಂಗಡಿಗಳ ಒಂದು ರೂಢಿಯನ್ನು ಹೇಳಬೇಕು. ನಮ್ಮಲ್ಲಿ ಆಟದ ಸಾಮಾನನ್ನು ಪೆಟ್ಟಿಗೆ ನೋಡಿ ಯಾರೂ ಕೊಳ್ಳುವುದಿಲ್ಲ. ಅಂಗಡಿಯವರು ಗಿರಾಕಿಯ ಎದುರಲ್ಲೇ ಪೆಟ್ಟಿಗೆ ತೆರೆಯಬೇಕು. ಚಕ್ರ ಎಳೆದು, ಗೊಂಬೆಯ ಕಣ್ಣು ಕಿತ್ತು ಬರುತ್ತದೆಯೋ ಎಂದು ಉಗುರಿನಲ್ಲಿ ಕೆದಕಿ, ರಬ್ಬರಿನದಾದರೆ ಹಿಂಡಿ ತೋರಿಸಬೇಕು. ಆಮೇಲೆ ಅಜ್ಜಿ ನೋಡುತ್ತಾರೆ, ತಾಯಿ ನೋಡುತ್ತಾಳೆ, ಬಸ್ಸಿಗೆ ಕಾಯುವವರೂ ಒಮ್ಮೆ ಹಿಂಡಿ ನೋಡಿ ಅಭಿಪ್ರಾಯ ಹೇಳುತ್ತಾರೆ. ಕೊನೆಗೆ ತಾಯಿಯದ್ದು ಒಂದೇ ಪ್ರಶ್ನೆ, ಧೈರ್ಯದಲ್ಲಿ ಕೊಡಬಹುದಾ ಎಂದು. ಶಿಬಿರ ಮುಗಿದ ಮೇಲೆ ಚಹಾ ಕುಡಿಯುತ್ತಾ ಇದನ್ನು ನಿಮಗೂ ಹೇಳಿದ್ದೆ. ನೀವು ನಕ್ಕಿರಿ. "ಚೇಚಿ, ಲ್ಯಾಬಿನಲ್ಲಿ ಯಂತ್ರ ಎಳೆದು ನೋಡಿದ್ದನ್ನು ನೀವು ಕೈಯಲ್ಲಿ ಎಳೆದು ನೋಡುವುದಾ? ಸೀಲು ಒಡೆದರೆ ಪರೀಕ್ಷೆಗೆ ಬೆಲೆಯೇ ಇಲ್ಲ. ಆಮೇಲೆ ಏನಾದರೂ ಆದರೆ ನಿಮ್ಮ ತಲೆಗೆ ಬರುತ್ತದೆ" ಎಂದಿರಿ. ಸುತ್ತಲಿದ್ದವರೂ ನಕ್ಕರು. ನಾನೂ ನಕ್ಕೆ, ಯಾಕೆಂದರೆ ನನಗೆ ಖುಷಿಯಾಗಿತ್ತು. ನಮ್ಮ ಮಕ್ಕಳ ಸಾಮಾನನ್ನು ಎಲ್ಲೋ ಒಂದು ಕಡೆ ಬಲ್ಲವರು ಎಳೆದು ನೋಡುತ್ತಿದ್ದಾರೆ ಅಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಮರುದಿನವೇ ಅಂಗಡಿಯಲ್ಲಿ ಬೋರ್ಡು ಹಾಕಿದೆ: ಸೀಲು ಒಡೆದು ತೋರಿಸುವುದಿಲ್ಲ. ಗಿರಾಕಿಗಳು ಮುನಿಸಿಕೊಂಡರು. ಹಳೆಯ ಗಿರಾಕಿ ಅಮ್ಮಣಿಯಕ್ಕ ಅಂಗಡಿಯ ಎದುರು ನಿಂತೇ ಜಗಳಕ್ಕೆ ಬಂದರು. "ಎಂತ ಮಾರಾಯ್ತಿ, ನೋಡದೆ ತೆಗೆದುಕೊಳ್ಳಲಿಕ್ಕೆ ಇದೆಂತ ಲಾಟರಿಯಾ?" ನಾನು ನಿಮ್ಮ ಪರವಾಗಿ ವಾದಿಸಿದೆ. ಸರಕಾರದವರೇ ಹೇಳಿದ್ದಾರೆ ಎಂದೆ. ನಿಮ್ಮ ಕಚೇರಿಯ ಗುಮಾಸ್ತರೂ ನಿಮ್ಮ ಪರವಾಗಿ ಅಷ್ಟು ಮಾತಾಡಿರಲಿಕ್ಕಿಲ್ಲ.

ಆಮೇಲೊಂದು ದಿನ ಅದೇ ಅಮ್ಮಣಿಯಕ್ಕನ ಸೊಸೆ ಹರಿಣಾಕ್ಷಿ ಬಂದಳು. ಅವಳ ಮಗಳು ತೃಷಾ, ಸೊಂಟದ ಮೇಲೆ ಕೂತು, ನೇತಾಡುವ ಚೆಂಡುಗಳಿಗೆಲ್ಲ ಕೈ ಚಾಚುತ್ತಿದ್ದಳು. ಹಿಂಡಿದರೆ ಕೂಗುವ ರಬ್ಬರಿನ ಬಾತುಕೋಳಿಯನ್ನು ಹರಿಣಾಕ್ಷಿ ಆರಿಸಿದಳು.

"ಇವಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾಳೆ ಕಮಲಕ್ಕ. ಧೈರ್ಯದಲ್ಲಿ ಕೊಡಬಹುದಾ?"

"ಪರೀಕ್ಷೆ ಆದದ್ದು ಅಂತ ಇದರಲ್ಲೇ ಬರೆದುಂಟು ನೋಡು. ಹೆದರಿಕೆ ಎಂತದ್ದೂ ಇಲ್ಲ."

ಇಷ್ಟೇ ನಡೆದದ್ದು. ಕೂಗುವ ಬಾತುಕೋಳಿಯ ಹೊಟ್ಟೆಯ ಅಡಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೀಪಿ ಇರುತ್ತದೆ, ಶಬ್ದ ಬರುವುದು ಅದರಿಂದ. ಅದು ಗಟ್ಟಿ ಕೂತಿರಲಿಲ್ಲ. ಎರಡು ಸಲ ಜೋರಾಗಿ ಹಿಂಡಿದ್ದರೆ ನನ್ನ ಅಂಗೈಗೇ ಬಂದು ಬೀಳುತ್ತಿತ್ತು. ಅದು ಮಗುವಿನ ಬಾಯಲ್ಲಿ ಬಿತ್ತು. ಯಾರೂ ನೋಡಲಿಲ್ಲ. ಮಗು ಸ್ವಲ್ಪ ಕೆಮ್ಮಿ ಸುಮ್ಮನಾಯಿತು. ಬಾತುಕೋಳಿ ಕೂಗುವುದನ್ನು ನಿಲ್ಲಿಸಿತು, ಮಗು ಸಿಳ್ಳೆ ಹಾಕತೊಡಗಿತು. ಅತ್ತಾಗ, ನಕ್ಕಾಗ, ಉಸಿರು ಬಿಟ್ಟಾಗ ಸಣ್ಣಗೆ ಪೀಪಿ ಊದಿದ ಹಾಗೆ. ಮನೆಯಲ್ಲಿ ಎಲ್ಲರಿಗೂ ತಮಾಷೆ. ಶಾರ್ಜಾದಲ್ಲಿರುವ ತಂದೆ ಇಮೋ ವಿಡಿಯೋ ಕಾಲ್‌ನಲ್ಲಿ ಅದನ್ನು ಕೇಳಿ, ಇನ್ನೊಮ್ಮೆ ಮಾಡಿಸು, ಇನ್ನೊಮ್ಮೆ ಮಾಡಿಸು ಎಂದು ನಗುತ್ತಿದ್ದನಂತೆ. ಅವನಿಗೆ ಈಗ ಆ ನಗು ನೆನಪಾದರೆ ಹೇಗಾಗಬಹುದು ಎಂದು ಯೋಚಿಸಿದರೆ ನನಗೆ ಅನ್ನ ಇಳಿಯುವುದಿಲ್ಲ.

ಜ್ವರ ಬಂತು, ಕಫ ಎಂದು ಔಷಧಿ ಕುಡಿಸಿದರು, ಮತ್ತೆ ಜ್ವರ ಬಂತು. ಎದೆಯ ಫೋಟೋದಲ್ಲಿ ಪ್ಲಾಸ್ಟಿಕ್ ಕಾಣಿಸುವುದಿಲ್ಲವಂತೆ. ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಮಗು ಅಳುವುದನ್ನು ಕೇಳಿಯೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಗಂಟಲಿಂದ ಕೊಳವೆ ಇಳಿಸಿ ಪೀಪಿಯನ್ನು ತೆಗೆದರು. ಮಗು ಬದುಕಿತು. ಆದರೆ ಬಲಗಡೆಯ ಶ್ವಾಸಕೋಶದ ಒಂದು ಭಾಗ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಅಂಗಳದಲ್ಲಿ ಸ್ವಲ್ಪ ಓಡಿದರೆ ಏದುಸಿರು ಬಿಡುತ್ತಾ ಕೂತುಬಿಡುತ್ತದೆ. ಮುಂದೆ ಸರಿಹೋಗಬಹುದು ಎಂದಿದ್ದಾರೆ, ಸರಿಹೋಗುತ್ತದೆ ಎಂದು ಯಾರೂ ಹೇಳಿಲ್ಲ.

ನಾನು ಆಸ್ಪತ್ರೆಗೆ ಹೋಗಿದ್ದೆ. ಹರಿಣಾಕ್ಷಿ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸರಕಾರವೇ ಹಾಗೆ ಹೇಳಿತ್ತಲ್ಲ ಎಂದು ನಾನು ಬಾಯಿ ತೆರೆಯುವಾಗಲೇ ಅವಳು ಹೇಳಿದಳು: "ಸರಕಾರವನ್ನು ಯಾರು ನಂಬ್ತಾರೆ ಕಮಲಕ್ಕ? ನಾನು ನಂಬಿದ್ದು ನಿಮ್ಮನ್ನು." ಅಂದಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಬಸ್ಸಿನಿಂದ ಇಳಿದರೆ ಹೆದ್ದಾರಿ ದಾಟಿ ಆಚೆ ಬದಿಯಿಂದ ನಡೆದು ಹೋಗುತ್ತಾಳೆ. ಲಾರಿಗಳ ನಡುವೆ, ಸೊಂಟದಲ್ಲಿ ಆ ಮಗುವನ್ನು ಇಟ್ಟುಕೊಂಡು.

ಅದಾದ ಮೇಲೆ ನಾನು ನಿಮ್ಮ ಕಚೇರಿಗೆ ಬಂದದ್ದು. ಅಮ್ಮಣಿಯಕ್ಕನಲ್ಲಿ ಕೇಳಿ ತಂದಿದ್ದ ಬಾತುಕೋಳಿ, ಅದರ ಪೆಟ್ಟಿಗೆ ಎರಡನ್ನೂ ನಿಮ್ಮ ಮೇಜಿನ ಮೇಲೆ ಇಟ್ಟೆ. ನೀವು ಪೆಟ್ಟಿಗೆ ತಿರುಗಿಸಿ ನೋಡಿ, ಇದು ನಮ್ಮ ದೇಶದಲ್ಲೇ ತಯಾರಾದದ್ದು ಎಂದಿರಿ, ಏನೋ ಸಮಾಧಾನವಾದವರ ಹಾಗೆ. ಪರದೇಶದಿಂದ ಬರುವ ಆಟಿಕೆಗೆ ಪರೀಕ್ಷೆಯ ಪತ್ರ ಬೇಕೇ ಬೇಕಂತೆ. ಇಲ್ಲಿ ಮಾಡಿದ್ದಕ್ಕೆ ಗುಣಮಟ್ಟದ ನಿಯಮ ಬರೆದಿಟ್ಟಿದ್ದಾರೆ, ಆದರೆ ಅದನ್ನು ಪಾಲಿಸಲೇಬೇಕೆಂಬ ಕಾನೂನು ಇಲ್ಲವಂತೆ. ಪೆಟ್ಟಿಗೆಯ ಮೇಲಿನದ್ದು ತಯಾರಿಸಿದವರ ಸ್ವಂತ ಹೇಳಿಕೆ ಎಂದು ವಿವರಿಸಿದಿರಿ. ಹಾಗಾದರೆ ಶಿಬಿರದಲ್ಲಿ ಹೇಳಿದ್ದೇನು ಎಂದು ಕೇಳಿದೆ. ಅದು ಬರೀ ಜಾಗೃತಿಗಾಗಿ, ಎಂದಿರಿ. ಮನೆ ಕಟ್ಟುವ ಸಿಮೆಂಟಿಗೆ ಗುಣಮಟ್ಟದ ಗುರುತು ಕಡ್ಡಾಯ, ಕುಡಿಯುವ ನೀರಿನ ಬಾಟಲಿಗೆ ಕಡ್ಡಾಯ, ಮಗು ಬಾಯಿಗೆ ಹಾಕಿಕೊಳ್ಳುವುದಕ್ಕೆ ಮಾತ್ರ ತಯಾರಿಸಿದವರ ಇಷ್ಟವೇ? ಸ್ವದೇಶಿ ಪೀಪಿ ಮಗುವಿನ ಶ್ವಾಸನಾಳಕ್ಕೆ ಇಳಿಯುವಾಗ ದೇಶಾಭಿಮಾನದಿಂದ ಮೆತ್ತಗಾಗುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ನಿಮ್ಮ ಕೈಯಲ್ಲಿಲ್ಲ, ಮೇಲಿನವರ ಕೈಯಲ್ಲಿದೆ, ಒಪ್ಪುತ್ತೇನೆ. ಆದರೆ ಇಲ್ಲದ ಕಾನೂನನ್ನು ಇದೆ ಎಂದು ಹೇಳಿಬರಲು ಮೇಲಿನವರು ನಿಮ್ಮನ್ನು ಕಳಿಸಿದ್ದರೇ?

ಇಷ್ಟನ್ನೂ ನಾನು ನುಂಗಿಕೊಳ್ಳುತ್ತಿದ್ದೆನೇನೋ. ನಾನು ಏಳುವಾಗ ನೀವು ಹೇಳಿದ ಕೊನೆಯ ಮಾತನ್ನು ನುಂಗಲು ಆಗುತ್ತಿಲ್ಲ. "ಏನೇ ಆದರೂ ಚೇಚಿ, ಸಣ್ಣ ಮಕ್ಕಳ ಸಾಮಾನಲ್ಲವಾ, ಕೊಡುವ ಮೊದಲು ನೀವು ಒಮ್ಮೆ ತೆರೆದು ನೋಡಬೇಕಿತ್ತು."

ಅಧಿಕಾರಿಗಳೇ, ನನ್ನ ಬೇಡಿಕೆಗಳನ್ನು ಹೇಳಿ ಮುಗಿಸುತ್ತೇನೆ. ಆಟಿಕೆ ಎಲ್ಲಿ ತಯಾರಾದರೂ ಪರೀಕ್ಷೆ ಕಡ್ಡಾಯವಾಗಲಿ ಎಂದು ಮೇಲಿನವರಿಗೆ ನೀವು ಬರೆಯಬೇಕು. ಬಂದ್ಯೋಡಿಗೆ ಬಂದು, ಅಂದು ಸೇರಿದವರನ್ನೇ ಸೇರಿಸಿ, ಅಂಥ ಕಾನೂನು ಸದ್ಯಕ್ಕೆ ಇಲ್ಲವೆಂದು ಹೇಳಬೇಕು. ಈ ಎರಡನ್ನೂ ನೀವು ಮಾಡಲಿಕ್ಕಿಲ್ಲ, ನನಗೆ ಗೊತ್ತು. ಮೂರನೆಯದನ್ನಾದರೂ ಮಾಡಿ. ಹರಿಣಾಕ್ಷಿಯ ಮನೆಗೆ ಬನ್ನಿ. 'ಸೀಲು ಒಡೆಯಬೇಡಿ ಎಂದದ್ದು ನಾನು' ಎಂದು ನೀವೇ ಅವಳ ಮುಖ ನೋಡಿ ಹೇಳಿ. ಇದರಿಂದ ಅವಳು ನನ್ನನ್ನು ಕ್ಷಮಿಸುತ್ತಾಳೆ ಎಂಬ ಆಸೆ ನನಗಿಲ್ಲ. ಅವಳ ಸಿಟ್ಟಿನಲ್ಲಿ ನನ್ನ ಪಾಲಿನದ್ದನ್ನು ನಾನು ಇಟ್ಟುಕೊಳ್ಳುತ್ತೇನೆ. ನಿಮ್ಮ ಪಾಲಿನದ್ದನ್ನು ಬಂದು ತೆಗೆದುಕೊಳ್ಳಿ.

ಇಂತಿ,
ನಿಮ್ಮ ಮಾತನ್ನು ಚಿಲ್ಲರೆಯಾಗಿ ಮಾರಿದ
ಫ್ಯಾನ್ಸಿ ಅಂಗಡಿ ಕಮಲ
ಬಂದ್ಯೋಡು, ೨೦೧೯