ಬೆನ್ನು ಮಾಡಿ ಕೂತ ಅತ್ತೆ

ಚುಂಚನಕಟ್ಟೆ

ಸಂಘಮಿತ್ರ ಮೇಡಂ ಅವರಿಗೆ ನಮಸ್ಕಾರ.

ಕಾಯಂ ಮನೆ ಸಿಗುವವರೆಗೆ ನೋಡಿಕೊಳ್ಳಲು ನಿಮ್ಮ ಪ್ರಾಣಿಗಳ ಆಶ್ರಯಧಾಮದಿಂದ ಕೊಟ್ಟ ಬೂದು ಬೆಕ್ಕು ಹನ್ನೆರಡು ದಿನ ಅಕ್ಕಿ ಮೂಟೆಯ ಹಿಂದೆಯೇ ಅಡಗಿತ್ತು. ನಾನು ಬಗ್ಗಿ ಬಗ್ಗಿ ಕರೆದಷ್ಟೂ ಒಳಗೆ ಸರಿಯಿತು. ನಮ್ಮತ್ತೆ ರುಕ್ಮಿಣಮ್ಮ ಮಾತ್ರ ದಿನವೂ ಅದಕ್ಕೆ ಬೆನ್ನು ಮಾಡಿ ಕೂತು ಮೊರದಲ್ಲಿ ಅಕ್ಕಿ ಆರಿಸಿದರು.

"ನೋಡ್ಬ್ಯಾಡ ಕಣವ್ವ, ಎದ್ರುಕೊತ್ತದೆ. ಅದ್ರ ಪಾಡ್ಗೆ ಬುಡು," ಅಂದರು.

ನಿನ್ನೆ ಅದು ತಾನಾಗಿಯೇ ಬಂದು ಅವರ ಸೆರಗಿನ ಮೇಲೆ ಮಲಗಿತು.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಒಂದು ತಿಂಗಳು ನನಗೂ ಹೀಗೇ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದರು. ಒಂಬತ್ತು ವರ್ಷ ಅದನ್ನು ಸಿಟ್ಟು ಅಂದುಕೊಂಡಿದ್ದೆ.

ಇದಕ್ಕೆ ಮನೆ ಸಿಕ್ಕ ಮೇಲೆ, ಇನ್ನೂ ಪುಕ್ಕಲು ಬೆಕ್ಕಿದ್ದರೆ ಕಳಿಸಿ. ನಮ್ಮತ್ತೆ ಇದ್ದಾರೆ.

ಇಂತಿ,
ರುಕ್ಮಿಣಮ್ಮನವರ ಸೊಸೆ ಮಧುಶ್ರೀ