ಇಬ್ಬರ ಪಾಲಿನ ಸುಖಡಿ

ಪಾರ್ಶ್ವನಾಥ ಬಸದಿಯ ಧರ್ಮಶಾಲೆ,
ಜೈಸಲ್ಮೇರ್ ಸೀಮೆ
ಮಾಘ ಶುದ್ಧ ಪಂಚಮಿ

ಮನೆಯವರಿಗೆ ಸಾಯರಾಳ ಜಯ ಜಿನೇಂದ್ರ.

ಬರುತ್ತೇನೆಂದು ಹೇಳಿ ಕಳಿಸಿದವರು ನೀವು. ಬಸ್ಸಿನಿಂದ ಇಳಿದವರು ನಿಮ್ಮ ತಾಯಿ. ಆ ಮಂಡಿನೋವಿನ ಜೀವವನ್ನು ಫಲೋದಿಯಿಂದ ಇಷ್ಟು ದೂರ, ಈ ಮರಳಿನಲ್ಲಿ ಒಬ್ಬರನ್ನೇ ಕಳಿಸಲು ನಿಮಗೆ ಮನಸ್ಸಾದರೂ ಹೇಗೆ ಬಂತು?

"ಅಂಗಡೀಲಿ ಕೆಲಸ ಅಂತಮ್ಮ ಅವನಿಗೆ. ಹರಕೆ ನೀನೇ ತೀರಿಸ್ಕೊಂಡು ಬಾ ಅಂದ," ಎಂದರು ಅತ್ತೆ, ಸೆರಗಿನ ಮರಳು ಕೊಡವುತ್ತ. ನಾನು ನಂಬಲಿಲ್ಲ. ಅವರೂ ನಂಬಿದಂತಿರಲಿಲ್ಲ.

ತಮ್ಮನ ಮದುವೆಗೆಂದು ತವರಿಗೆ ಬಂದವಳು ನಾಲ್ಕು ದಿನ ಹೆಚ್ಚು ಉಳಿದೆ, ನಿಜ. ಅದಕ್ಕೇ ಮುನಿಸಿಕೊಂಡು ಕರೆಯಲು ಬರುವುದನ್ನೇ ಬಿಟ್ಟಿರಿ. ಗಂಡನ ಮನೆಯಿಂದ ಕರೆಯಲು ಬಾರದೆ ನಮ್ಮಲ್ಲಿ ಯಾವ ಹೆಣ್ಣು ತಾನಾಗಿ ಹೋಗಿದ್ದಾಳೆ, ಹೇಳಿ? ನೀವು ತವರಿಗೆ ಬರಲೊಲ್ಲಿರಿ, ನಾನು ಕರೆಯದೆ ಬರಲಾರೆ. ಆದ್ದರಿಂದಲೇ ನಡುದಾರಿಯ ಈ ಬಸದಿಯ ಕ್ಷೇತ್ರಪಾಲ ಭೈರೂಜಿಗೆ ಹರಕೆ ಹೊತ್ತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಸುಖಡಿ ಪ್ರಸಾದ ತಿಂದು ಇಲ್ಲಿಂದಲೇ ಮನೆಗೆ ಹೋಗುವುದು ಎಂದು.

ಗೋಧಿ, ಬೆಲ್ಲ, ಕೈಗೆ ಇಳಿಯುವಷ್ಟು ತುಪ್ಪ. ಮಾಡಿದ್ದು ಇಬ್ಬರ ಪಾಲು. ಇಲ್ಲಿಯ ಪ್ರಸಾದ ಬಸದಿಯ ಬಾಗಿಲು ದಾಟುವಂತಿಲ್ಲ, ತಟ್ಟೆಯಲ್ಲಿ ಬಿಡುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗಿಡುವಂತಿಲ್ಲ. ಹಂಚೋಣವೆಂದರೆ ಇವತ್ತು ನಾವಿಬ್ಬರೇ ಯಾತ್ರಿಕರು. ಪೂಜಾರಿ, "ನನಗೆ ಉಪವಾಸ ತಾಯಿ," ಎಂದು ನಗುತ್ತ ಜಾರಿಕೊಂಡರು. ಬಿಸಿಲು ಗೋಡೆ ಏರತೊಡಗಿತ್ತು. ನನ್ನ ಪಾಲು ಮುಗಿಸುವಷ್ಟರಲ್ಲೇ ಸಾಕುಸಾಕಾಯಿತು. ನಿಮ್ಮ ಪಾಲನ್ನು ನೋಡಿದಷ್ಟೂ ಮೈಯುರಿಯಿತು, ಅಳುವೂ ಬಂತು.

ಆಗ ಅತ್ತೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಸಕ್ಕರೆ ಕಾಯಿಲೆಯವರು! ಬೇಡವೆಂದು ಕೈ ಹಿಡಿದೆ.

"ಬಿಡೇ ಸುಮ್ನೆ. ಹೆತ್ತೋಳು ನಾನು ತಾನೆ? ಅವನ ಪಾಲು ಇನ್ಯಾರು ತಿನ್ಬೇಕು?"

ಒಂದೊಂದು ತುತ್ತಿಗೂ ನಿಮಗೊಂದು ಬೈಗುಳ. ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿದು, ಗೋಡೆಗೊರಗಿ ಕಣ್ಣು ಮುಚ್ಚಿ ಕುಳಿತರು. ಅವರ ಮುಖ ನೋಡಿ ನನ್ನ ದುಃಖ ನನಗೇ ಸಣ್ಣದೆನಿಸಿತು. ಗುಳಿಗೆ ನುಂಗಿಸಿದ್ದೇನೆ, ಗಾಬರಿ ಬೇಡ. ಇಷ್ಟಾದರೂ ನಿಮಗೆ ಗಾಬರಿಯಾದೀತೆ ಎಂಬುದೇ ನನ್ನ ಅನುಮಾನ.

ನಿಮ್ಮ ಮೇಲೆ ಹೇಳತೀರದ ಸಿಟ್ಟಿದೆ. ನಿಮ್ಮನ್ನು ನೋಡಬೇಕೆಂಬ ಆಸೆ ಹೋಗಿಲ್ಲ, ಅದಕ್ಕೂ ಸಿಟ್ಟಿದೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ತವರಿಗೇ.

ಇನ್ನೂ ನಿಮ್ಮವಳೇ ಆದ
ಸಾಯರಾ

ಮತ್ತೊಂದು ಮಾತು: ಇದನ್ನು ಅತ್ತೆ ಹೇಳಿದಂತೆಯೇ ಬರೆಯುತ್ತಿದ್ದೇನೆ. "ಪುಖರಾಜ, ನಾನೂ ಸಾಯರಾ ಜೊತೆ ಅವಳ ತವರಿಗೆ ಹೊರಟಿದೀನಿ. ನಾನೂ ನಮ್ಮನೆಗೆ ಸೊಸೆಯಾಗಿ ಬಂದೋಳೇ ಕಣೋ. ನೀನು ಕರೆಯೋಕೆ ಬರದೆ ನಾನೂ ವಾಪಸ್ ಬರಲ್ಲ."