ಏರಿಸಿದಷ್ಟೂ ಇಳಿದ ಬಿಪಿ

೧೪-೮-೨೦೦೩, ಗುರುವಾರ, ಮೂಡಿಗೆರೆ

"ನನ್ನ ಆರ್ಡರಿಗೆ ಗೀಟು ಎಳೆಯೋಕೆ ನೀವ್ಯಾರು?" ನಮ್ಮ ಹಿರಿಯ ಡಾಕ್ಟರ್ ಉಮಾಮಹೇಶ್ವರ ಅವರ ಮಾತು ಇನ್ನೂ ಕಿವಿಯಲ್ಲಿದೆ. ಎಳೆದೆ. ಬೇಕಾದರೆ ನಾಳೆಯೂ ಎಳೆಯುತ್ತೇನೆ.

ಬಾಳೂರಿನ ಎಸ್ಟೇಟಿನಲ್ಲಿ ಕೆಲಸ ಮಾಡುವ ರಾಮಮ್ಮನಿಗೆ ಎರಡು ದಿನದಿಂದ ವಾಂತಿಭೇದಿ. "ನೀರು ಕೊಟ್ರೆ ಇನ್ನೂ ಜಾಸ್ತಿ ಆಗ್ತದೆ ಅಂತ ಕೊಡ್ಲಿಲ್ಲ ಡಾಕ್ಟ್ರಮ್ಮ" ಎಂದಳು ಸೊಸೆ. ಬಿಪಿ ಬಿದ್ದುಹೋಗಿತ್ತು. ಉಮಾಮಹೇಶ್ವರ ಅವರು ಬಿಪಿ ಏರಿಸುವ ಡೋಪಮಿನ್ ಡ್ರಿಪ್ ಹಾಕಿಸಿದರು. ಅದನ್ನು ಏರಿಸಿದಷ್ಟೂ ಬಿಪಿ ಇಳಿಯಿತು. ಸ್ಟೆತ್ ಇಟ್ಟರೆ, ಬೆಳಿಗ್ಗೆ ಸಣ್ಣಗಿದ್ದ ಎದೆಯ ಸದ್ದು ಈಗ ಗರಗಸ ಎಳೆದಂತಿತ್ತು. ವರ್ಷಗಟ್ಟಲೆಯ ಹೈ ಬಿಪಿಗೆ ದಪ್ಪಗಟ್ಟಿದ ಹೃದಯ ಅದು. ಮೈಯ ನೀರೆಲ್ಲ ಹೋಗಿ ಒಳಗೆ ತುಂಬುವಷ್ಟು ರಕ್ತವಿಲ್ಲ. ಔಷಧಿಯ ಹೊಡೆತಕ್ಕೆ ಬಿಗಿದು ಬಿಗಿದು, ರಕ್ತ ಹೊರಹೋಗುವ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಕೆಸರಲ್ಲಿ ಹೂತ ಜೀಪಿನ ಆಕ್ಸಿಲರೇಟರ್ ಒತ್ತಿದ ಹಾಗೆ.

ಅವರ ಆರ್ಡರಿಗೆ ಗೀಟು ಎಳೆದು, ಡೋಪಮಿನ್ ನಿಲ್ಲಿಸಿ, ಉಪ್ಪುನೀರಿನ ಸಲೈನ್ ಓಡಿಸಿದೆ. ಮೂರನೇ ಬಾಟಲಿಗೆ ಬಿಪಿ ನೂರು ಮುಟ್ಟಿತು, ಗರಗಸದ ಸದ್ದು ತಣ್ಣಗಾಯಿತು.

"ನಿಮ್ಮ ಅದೃಷ್ಟ" ಅಂದರು ಹಿರಿಯ ಡಾಕ್ಟರ್. ಅಷ್ಟೇ.

ನೀರು ಕೊಡದ್ದಕ್ಕೆ ನಾನು ಬೈದಾಗ ಸೊಸೆ ಕಣ್ಣೊರೆಸಿಕೊಂಡು "ನಂಗೆ ಗೊತ್ತಾಗ್ಲಿಲ್ಲ" ಅಂದಿದ್ದಳು. ನೀರು ಕೊಡದವರು ಇಬ್ಬರು, ಮನೆಯಲ್ಲೊಬ್ಬಳು, ಆಸ್ಪತ್ರೆಯಲ್ಲೊಬ್ಬರು. ಗೊತ್ತಾಗ್ಲಿಲ್ಲ ಅಂದವಳು ಒಬ್ಬಳೇ.